ಯಕ್ಷಗಾನ ಆಟದ ವಿಡಿಯೋ ಎಡಿಟಿಂಗ್‌ನಲ್ಲಿ ಕೈಕೊಟ್ಟರೆ: ಕನ್ವರ್ಟ್ ಒತ್ತುವ ಮೊದಲು

ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಅದರ ಬೆನ್ನಿಗೇ ಮಳೆ ಹಿಡಿಯುತ್ತದೆ. ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕ್ಯಾಮೆರಾದವರು ಇಡೀ ಸೀಸನ್ನಿನ ಆಟ, ಬ್ರಹ್ಮಕಲಶ, ಮದುವೆ ಎಲ್ಲವನ್ನೂ ಹಾರ್ಡ್ ಡಿಸ್ಕಿನಿಂದ ಹೊರಗೆ ತೆಗೆದು ಎಡಿಟಿಂಗ್‌ಗೆ ಕೂರುವುದು ಆಗ. ಫೋನು ಬರಲು ಶುರುವಾಗುವುದೂ ಆಗಲೇ. "ಅಣ್ಣಾ, ಫೈಲ್ ಹಾಳಾಗಿದೆ, ಟೈಮ್‌ಲೈನ್‌ಗೆ ಹಾಕಿದ್ರೆ ನಿಂತು ನಿಂತು ಓಡ್ತದೆ." "ಅಣ್ಣಾ, ಭಾಗವತರ ಬಾಯಿ ಒಂದು ಕಡೆ, ಪದ ಇನ್ನೊಂದು ಕಡೆ." (ಭಾಗವತರೆಂದರೆ ಆಟದ ಹಾಡುಗಾರರು, ಪದ ಅಂದರೆ ಅವರ ಹಾಡು.)

ಫೈಲ್ ಹಾಳಾಗಿರುವುದು ಅಪರೂಪ. ಆದರೆ ಫೋನ್ ಮಾಡುವ ಹೊತ್ತಿಗೆ ಅವರು ಯಾವುದೋ ಕನ್ವರ್ಟರಿಗೆ ಹಾಕಿ, ಸಣ್ಣದೊಂದು ಎಂಪಿ4 ಮಾಡಿಯೂ ಆಗಿರುತ್ತದೆ. ತೊಂದರೆ ಅಲ್ಲೇ ಇರುತ್ತದೆ, ಗುಣಮಟ್ಟ ಮಾತ್ರ ಹೋಗಿರುತ್ತದೆ. ಕನ್ವರ್ಟ್ ಮಾಡಿದರೆ ಸರಿಹೋಗುವ ದೋಷಗಳು ಕೆಲವು. ಕನ್ವರ್ಟ್ ಮಾಡಿದರೆ ಫೈಲಿನೊಳಗೆ ಶಾಶ್ವತವಾಗಿ ಕೂತುಬಿಡುವ ದೋಷಗಳೂ ಇವೆ. ಯಾವುದು ಯಾವುದು ಅಂತ ಗೊತ್ತಾಗದೆ ಬಟನ್ ಒತ್ತಬಾರದು. ಅಸಲಿ ಫೈಲನ್ನಂತೂ ಅಳಿಸಲೇಬಾರದು.

ಮೊದಲ ಕೆಲಸ: ಫೈಲಿನ ಒಳಗೆ ಏನಿದೆ ನೋಡಿ

ಮೀಡಿಯಾಇನ್ಫೋ ಅಂತ ಒಂದು ಉಚಿತ ಪ್ರೋಗ್ರಾಂ ಇದೆ. ಫೈಲನ್ನು ಅದರ ಮೇಲೆ ಎಳೆದು ಹಾಕಿದರೆ ಸಾಕು. ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ನೋಡಬೇಕಾದ ಸಾಲು ನಾಲ್ಕೈದು ಮಾತ್ರ: ಕೋಡೆಕ್ (ವಿಡಿಯೋವನ್ನು ಕುಗ್ಗಿಸಿ ಬರೆಯುವ ವಿಧಾನ) ಯಾವುದು, ಎಚ್.264 ಅಥವಾ ಎಚ್.265, ಬಿಟ್ ಡೆಪ್ತ್ (ಬಣ್ಣದ ಮಟ್ಟಗಳು ಎಷ್ಟು ಸೂಕ್ಷ್ಮ) 8 ಅಥವಾ 10, ಕ್ರೋಮಾ (ಬಣ್ಣದ ವಿವರ ಎಷ್ಟು ಉಳಿಸಿದೆ) 4:2:0 ಅಥವಾ 4:2:2, ಸ್ಕ್ಯಾನ್ ಟೈಪ್ ಪ್ರೊಗ್ರೆಸಿವ್ ಅಥವಾ ಇಂಟರ್‌ಲೇಸ್ಡ್, ಫ್ರೇಮ್ ರೇಟ್ ಮೋಡ್ ಕಾನ್‌ಸ್ಟಂಟ್ ಅಥವಾ ವೇರಿಯಬಲ್. ಫೈಲಿನ ಹೆಸರಿನ ಕೊನೆಯಲ್ಲಿ ಎಂಪಿ4 ಅಂತ ಇದ್ದ ಮಾತ್ರಕ್ಕೆ ಏನೂ ತಿಳಿಯುವುದಿಲ್ಲ. ಅದು ಬರೀ ಡಬ್ಬಿಯ ಹೆಸರು. ಒಂದೇ ಹೆಸರಿನ ಎರಡು ಫೈಲುಗಳಲ್ಲಿ ಒಂದು ಹಳೇ ಲ್ಯಾಪ್‌ಟಾಪಿನಲ್ಲೂ ಸಲೀಸಾಗಿ ಓಡುತ್ತದೆ, ಇನ್ನೊಂದು ಹೊಸ ಕಂಪ್ಯೂಟರನ್ನೂ ಮಂಡಿಯೂರಿಸುತ್ತದೆ.

ಈ ನಾಲ್ಕೈದು ಸಾಲನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲದಕ್ಕೂ ಅದೇ ಆಧಾರ.

ವಿಎಲ್‌ಸಿ ಪ್ಲೇಯರಿನಲ್ಲಿ ಚೆನ್ನಾಗಿ ಓಡುತ್ತದೆ, ಟೈಮ್‌ಲೈನ್‌ನಲ್ಲಿ ನಿಲ್ಲುತ್ತದೆ

ಎಲ್ಲರಿಗೂ ಬರುವ ಕಾಟ ಇದು. ಕಾರಣ ಸರಳ. ಕ್ಯಾಮೆರಾ ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಬರೆದಿಡುವುದಿಲ್ಲ. ಒಂದು ಫ್ರೇಮ್ ಪೂರ್ತಿ ಬರೆಯುತ್ತದೆ. ಅದರ ನಂತರ ಬರುವ ಹತ್ತಾರು ಫ್ರೇಮುಗಳಲ್ಲಿ ಏನು ಬದಲಾಯಿತು ಅನ್ನುವುದನ್ನಷ್ಟೇ ಗುರುತು ಹಾಕುತ್ತದೆ. ಕಾರ್ಡಿನಲ್ಲಿ ಜಾಗ ಉಳಿಸಲು ಈ ಉಪಾಯ. 2003ರಲ್ಲಿ ಬಂದ ಎಚ್.264 ಹೀಗೇ ಮಾಡುತ್ತದೆ, 2013ರ ಎಚ್.265 ಇನ್ನೂ ಬಿಗಿಯಾಗಿ ಮಾಡುತ್ತದೆ. ವಿಎಲ್‌ಸಿ ಮೊದಲಿನಿಂದ ಕೊನೆಗೆ ಒಂದೇ ದಿಕ್ಕಿಗೆ ಓಡಿಸುವುದರಿಂದ ಅದಕ್ಕೆ ಕಷ್ಟವಿಲ್ಲ. ಎಡಿಟಿಂಗ್‌ನಲ್ಲಿ ನಾವು ಮಧ್ಯಕ್ಕೆ ಹಾರುತ್ತೇವೆ, ಹಿಂದಕ್ಕೆ ಎಳೆಯುತ್ತೇವೆ, ಎರಡು ಮೂರು ಕ್ಯಾಮೆರಾ ಒಟ್ಟಿಗೆ ಓಡಿಸುತ್ತೇವೆ. ಪ್ರತಿ ಸಲವೂ ಕಂಪ್ಯೂಟರು ಹಿಂದಿನ ಪೂರ್ತಿ ಫ್ರೇಮನ್ನು ಹುಡುಕಿ, ಅಲ್ಲಿಂದ ಲೆಕ್ಕ ಹಾಕುತ್ತಾ ಬರಬೇಕು.

ಆದರೆ ತಡವರಿಸುವುದಕ್ಕೆಲ್ಲ ಇದೇ ಕಾರಣ ಅಂತ ತೀರ್ಮಾನಿಸಬೇಡಿ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು, ಟೈಮ್‌ಲೈನ್ ಓಡಿಸಿ ನೋಡಿ. ಪ್ರೊಸೆಸರ್ 100ಕ್ಕೆ ಹತ್ತಿರ ಹೋಗಿ ನಿಂತರೆ ಕೋಡೆಕ್ ಭಾರವಾಗಿದೆ. ಪ್ರೊಸೆಸರ್ ಆರಾಮಾಗಿದ್ದು ಡಿಸ್ಕ್ 100ರಲ್ಲಿ ನಿಂತಿದ್ದರೆ ತಪ್ಪು ಕೋಡೆಕ್‌ದಲ್ಲ, ಡಿಸ್ಕಿನದು. ಹೊರಗಿನ ಹಾರ್ಡ್ ಡಿಸ್ಕನ್ನು ಹಳೇ ಯುಎಸ್‌ಬಿ 2 ತೂತಿಗೆ ಚುಚ್ಚಿರುತ್ತಾರೆ. ಅದರಲ್ಲಿ ಸೆಕೆಂಡಿಗೆ 30-35 ಎಂಬಿ ದಾಟುವುದೇ ಕಷ್ಟ. ಈ ಸ್ಥಿತಿಯಲ್ಲಿ ಎಡಿಟಿಂಗ್ ಕೋಡೆಕ್ಕಿಗೆ ಕನ್ವರ್ಟ್ ಮಾಡಿದರೆ ಫೈಲು ದೊಡ್ಡದಾಗಿ ತಡವರಿಕೆ ಇನ್ನೂ ಜಾಸ್ತಿಯಾಗುತ್ತದೆ! ತೂತು ಬದಲಿಸಿ, ಇಲ್ಲವೇ ಆವತ್ತು ಬೇಕಾದ ಫೈಲುಗಳನ್ನು ಒಳಗಿನ ಎಸ್‌ಎಸ್‌ಡಿಗೆ ಹಾಕಿಕೊಳ್ಳಿ. ಖರ್ಚಿಲ್ಲ, ಕಾಯುವುದೂ ಇಲ್ಲ.

ಇನ್ನು ಕೋಡೆಕ್ಕೇ ಭಾರ ಅಂತ ಗೊತ್ತಾದರೆ, ಬರೆದಿಟ್ಟ ಕಾಗದ ನೋಡಿ. 8 ಬಿಟ್, 4:2:0, ಎಚ್.264 ಆಗಿದ್ದರೆ ಈಗಿನ ಸಾಮಾನ್ಯ ಗ್ರಾಫಿಕ್ಸ್ ಚಿಪ್‌ಗಳೆಲ್ಲ ಅದನ್ನು ಬಿಡಿಸಬಲ್ಲವು. ಎಡಿಟಿಂಗ್ ಪ್ರೋಗ್ರಾಂನ ಸೆಟ್ಟಿಂಗ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆಫ್ ಆಗಿದೆಯೋ ಏನೋ, ಅದನ್ನು ಮೊದಲು ನೋಡಿ. 10 ಬಿಟ್ 4:2:2 ಆಗಿದ್ದರೆ ಕಥೆ ಬೇರೆ. ಹೊಸ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಹೆಮ್ಮೆಯಿಂದ ಆನ್ ಮಾಡಿಡುವ ಸೆಟ್ಟಿಂಗ್ ಇದೇ. ಎಚ್.265ನ 4:2:2 ಅನ್ನು ಇಂಟೆಲ್‌ನ 11ನೇ ತಲೆಮಾರು ಮತ್ತು ಅದರ ನಂತರದ ಒಳ ಗ್ರಾಫಿಕ್ಸ್ ಬಿಡಿಸುತ್ತದೆ. ಎನ್‌ವಿಡಿಯಾದಲ್ಲಿ ಆ ಸೌಲಭ್ಯ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಅದಕ್ಕೇ ದುಬಾರಿ ಹಳೇ ಗ್ರಾಫಿಕ್ಸ್ ಕಾರ್ಡ್ ಇದ್ದವರ ಕಂಪ್ಯೂಟರು ನಿಲ್ಲುತ್ತದೆ, ಪಕ್ಕದ ಮನೆಯ ಸಾದಾ ಲ್ಯಾಪ್‌ಟಾಪ್ ಓಡುತ್ತದೆ. ಕಾರ್ಡಿನ ಬೆಲೆಗೂ ಇದಕ್ಕೂ ಸಂಬಂಧವಿಲ್ಲ.

ಇಲ್ಲಿ ಕನ್ವರ್ಟ್ ಮಾಡುವುದು ನಿಜವಾದ ಪರಿಹಾರ. ಎಡಿಟಿಂಗ್‌ಗೆಂದೇ ಮಾಡಿದ ಮುಖ್ಯ ಕೋಡೆಕ್ ಎರಡು: ಆಪಲ್ 2007ರಲ್ಲಿ ತಂದ ಪ್ರೋರೆಸ್, ಮತ್ತೆ ಆವಿಡ್‌ನವರ ಡಿಎನ್‌ಎಕ್ಸ್‌ಎಚ್‌ಆರ್. ಎರಡರಲ್ಲೂ ಪ್ರತಿ ಫ್ರೇಮ್ ಸ್ವತಂತ್ರವಾಗಿ ಪೂರ್ತಿ ಇರುತ್ತದೆ. ಪ್ರೊಸೆಸರಿಗೆ ಹಗುರ, ಡಿಸ್ಕಿಗೆ ಭಾರ. ಶಟರ್ ಎನ್‌ಕೋಡರ್ ಅನ್ನುವ ಉಚಿತ ಪ್ರೋಗ್ರಾಂನಲ್ಲಿ ಫೈಲ್ ಎಳೆದು ಹಾಕಿ, ಪಟ್ಟಿಯಿಂದ ಕೋಡೆಕ್ ಆರಿಸಿ ಶುರು ಮಾಡಿದರೆ ಆಯಿತು.

ಡಿಸ್ಕಿಗೆ ಎಷ್ಟು ಭಾರ ಅನ್ನುವುದನ್ನು ಮೊದಲೇ ಲೆಕ್ಕ ಹಾಕಿ. ಫುಲ್ ಎಚ್‌ಡಿ, ಸೆಕೆಂಡಿಗೆ 25 ಫ್ರೇಮ್ ಅಂತ ಇಟ್ಟುಕೊಳ್ಳಿ. ಡಿಎನ್‌ಎಕ್ಸ್‌ಎಚ್‌ಆರ್‌ನ ಎಸ್‌ಕ್ಯೂ ದರ್ಜೆಗೆ ಸೆಕೆಂಡಿಗೆ ಸುಮಾರು 120 ಮೆಗಾಬಿಟ್. ಅಂದರೆ ಗಂಟೆಗೆ 54 ಜಿಬಿ. ಕಾಲಮಿತಿಯ ಆಟವಾದರೆ ಹೇಗೋ ಹಿಡಿಸುತ್ತದೆ. ಬೆಳಗಿನ ತನಕದ ಎಂಟು ಗಂಟೆಯ ಆಟಕ್ಕೆ ಒಂದು ಕ್ಯಾಮೆರಾದಿಂದಲೇ 430 ಜಿಬಿ ದಾಟುತ್ತದೆ. ಮೂರು ಕ್ಯಾಮೆರಾ ಇಟ್ಟಿದ್ದರೆ ಯಾರ ಮನೆಯಲ್ಲಿ ಅಷ್ಟು ಜಾಗ ಉಂಟು?

ಹಾಗಾಗಿ ಇಡೀ ರಾತ್ರಿಯ ಆಟಕ್ಕೆ ನಾನು ಪೂರ್ತಿ ಕನ್ವರ್ಟ್ ಮಾಡಿ ಅನ್ನುವುದಿಲ್ಲ, ಪ್ರಾಕ್ಸಿ ಮಾಡಿ ಅನ್ನುತ್ತೇನೆ. ಪ್ರಾಕ್ಸಿ ಅಂದರೆ ಕೆಲಸದ ಸಲುವಾಗಿ ಮಾಡುವ ಹಗುರವಾದ ಪ್ರತಿ. ಎಲ್‌ಬಿ ದರ್ಜೆಯಲ್ಲಿ ಮಾಡಿದರೆ ಸುಮಾರು 36 ಮೆಗಾಬಿಟ್, ಗಂಟೆಗೆ 16 ಜಿಬಿ. ಅಳತೆ ಅರ್ಧ ಮಾಡಿದರೆ ಇನ್ನೂ ಕಡಿಮೆ. ಕತ್ತರಿಸುವುದೆಲ್ಲ ಪ್ರಾಕ್ಸಿಯಲ್ಲಿ, ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಅಸಲಿ ಫೈಲಿನಿಂದ. ಡಾವಿಂಚಿ ರಿಸಾಲ್ವ್, ಪ್ರೀಮಿಯರ್, ಕೆಡೆನ್‌ಲೈವ್ ಈ ಮೂರು ಎಡಿಟಿಂಗ್ ಪ್ರೋಗ್ರಾಂಗಳಲ್ಲೂ ಈ ಸೌಲಭ್ಯ ಒಳಗೇ ಇದೆ.

ಒಂದು ಮಾತು. ಪ್ರೋರೆಸ್ ಮಾಡಿದರೆ ಚಿತ್ರ ಚೆಂದವಾಗುತ್ತದೆ ಅಂತ ನಂಬುವವರಿದ್ದಾರೆ. ಇಲ್ಲದ್ದು ಎಲ್ಲಿಂದ ಬರಬೇಕು? ಕ್ಯಾಮೆರಾ ಕೊಟ್ಟದ್ದಕ್ಕಿಂತ ಜಾಸ್ತಿ ಏನೂ ಬರುವುದಿಲ್ಲ.

ಧ್ವನಿ ಮತ್ತು ಚಿತ್ರ ಹೊಂದುತ್ತಿಲ್ಲ

ಇದರಲ್ಲಿ ತಲೆ ಕೆಡಿಸಿಕೊಳ್ಳುವವರು ಜಾಸ್ತಿ. ಯಾಕೆಂದರೆ "ಹೊಂದುತ್ತಿಲ್ಲ" ಅನ್ನುವ ಒಂದೇ ದೂರಿನ ಹಿಂದೆ ನಾಲ್ಕು ಬೇರೆ ಬೇರೆ ದೋಷ ಇರಬಹುದು. ಬಿಡಿಸುವ ದಾರಿ ಇಷ್ಟೇ: ಮೂರು ಕಡೆ ನೋಡಬೇಕು, ಶುರುವಿನಲ್ಲಿ, ನಡುವೆ, ಕೊನೆಯಲ್ಲಿ. ಆಟದ ವಿಡಿಯೋದಲ್ಲಿ ಇದು ಸುಲಭ. ಭಾಗವತರ ಕೈಯ ಜಾಗಟೆ ನೋಡಿ. ಕೋಲು ಜಾಗಟೆಗೆ ತಾಗುವ ಫ್ರೇಮಿನಲ್ಲಿ ನಿಲ್ಲಿಸಿ. ಕೆಳಗೆ ಧ್ವನಿಯ ಗೆರೆಯಲ್ಲಿ ಮೊನೆ ಎಲ್ಲಿ ಎದ್ದಿದೆ ನೋಡಿ. ಎಷ್ಟು ಫ್ರೇಮ್ ವ್ಯತ್ಯಾಸ ಅಂತ ಎಣಿಸಿ. 25 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡು. ಚೆಂಡೆಯಲ್ಲೂ ನೋಡಬಹುದು. ಆದರೆ ಉರುಳಿಕೆಯಲ್ಲಿ ಯಾವ ಪೆಟ್ಟಿನ ಸದ್ದು ಯಾವುದು ಅಂತ ಗೊಂದಲವಾಗುತ್ತದೆ. ಜಾಗಟೆಯೇ ವಾಸಿ.

ಮೂರೂ ಕಡೆ ವ್ಯತ್ಯಾಸ ಒಂದೇ ಸಮ ಇದ್ದರೆ, ಉದಾಹರಣೆಗೆ ಎಲ್ಲಿ ನೋಡಿದರೂ ಮೂರು ಫ್ರೇಮ್ ಹಿಂದೆ, ಇದು ಕಂಪ್ಯೂಟರಿನ ದೋಷವೇ ಅಲ್ಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ರಂಗಸ್ಥಳದಿಂದ 35-40 ಮೀಟರ್ ದೂರ, ಗದ್ದೆಯ ಆ ತುದಿಯಲ್ಲಿ ಕ್ಯಾಮೆರಾ ಇಟ್ಟರೆ ಅದರ ಮೈಕಿಗೆ ಸದ್ದು ಮುಟ್ಟುವಾಗ ಎರಡೂವರೆ ಮೂರು ಫ್ರೇಮ್ ತಡವಾಗಿಯೇ ಆಗುತ್ತದೆ. ಸೌಂಡಿನವರ ಮಿಕ್ಸರಿನಿಂದ ತೆಗೆದ ಧ್ವನಿಯಲ್ಲಿ ಈ ತಡ ಇರುವುದಿಲ್ಲ. ಹಾಗಾಗಿ ಎರಡೂ ಧ್ವನಿ ಒಟ್ಟಿಗೆ ಬಿಟ್ಟರೆ ಪ್ರತಿಧ್ವನಿ ಕೇಳಿಸುತ್ತದೆ. ಧ್ವನಿಯ ಪಟ್ಟಿಯನ್ನು ಅಷ್ಟೇ ಫ್ರೇಮ್ ಸರಿಸಿದರೆ ಮುಗಿಯಿತು. ಕನ್ವರ್ಟ್ ಬೇಡ.

ಶುರುವಿನಲ್ಲಿ ಸರಿ ಇದ್ದು, ಹೋಗ್ತಾ ಹೋಗ್ತಾ ಒಂದೇ ಹದದಲ್ಲಿ ವ್ಯತ್ಯಾಸ ಬೆಳೆದರೆ ವೇಗದ ಲೆಕ್ಕ ಎಲ್ಲೋ ತಪ್ಪಿದೆ. 29.97 ಫ್ರೇಮಿನ ವಿಡಿಯೋವನ್ನು ಯಾರೋ 30 ಅಂತ ಓದಿಸಿದರೆ ಗಂಟೆಗೆ 3.6 ಸೆಕೆಂಡು ಜಾರುತ್ತದೆ. ಇದನ್ನು ಕಿವಿಯಲ್ಲೇ ಹಿಡಿಯಬಹುದು. ವ್ಯತ್ಯಾಸ ಗಂಟೆಗೆ ನಾಲ್ಕೈದು ಫ್ರೇಮಿನ ಒಳಗೆ ಇದ್ದರೆ ಅದು ಬೇರೆ ರೆಕಾರ್ಡರಿನ ಒಳ ಗಡಿಯಾರ ಮತ್ತು ಕ್ಯಾಮೆರಾದ ಗಡಿಯಾರ ಒಂದೇ ಆಗಿಲ್ಲದ್ದು. ಅಲ್ಲಿ ಧ್ವನಿಯನ್ನು ಪ್ರಸಂಗದ ನಡುವೆ ಎಲ್ಲಾದರೂ, ಪದಕ್ಕೂ ಮಾತಿಗೂ ನಡುವಿನ ಬಿಡುವಿನಲ್ಲಿ, ಕತ್ತರಿಸಿ ಒಂದೆರಡು ಫ್ರೇಮ್ ಸರಿಸಿ. ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ಚಿಹ್ನೆ ಇದೆ. ಜಾರುವುದರ ಜೊತೆಗೆ ಭಾಗವತರ ಶ್ರುತಿಯೂ ಏರಿದ್ದರೆ, 44.1 ಕಿಲೋಹರ್ಟ್ಸ್‌ನ ಧ್ವನಿಯನ್ನು 48 ಅಂತ ಓಡಿಸಲಾಗಿದೆ. ಸುಮಾರು ಒಂದೂವರೆ ಸ್ವರಸ್ಥಾನ ಏರುತ್ತದೆ. ಹಾಡು ಕೇಳಿ ಅಭ್ಯಾಸ ಇದ್ದವರಿಗೆ ಒಂದೇ ಸಾಲಿಗೆ ತಿಳಿಯುತ್ತದೆ. ಅಸಲಿ ಧ್ವನಿಯನ್ನು 48ಕ್ಕೆ ಸರಿಯಾಗಿ ಬದಲಿಸಿ ಮತ್ತೆ ತನ್ನಿ.

ಮೂರನೆಯದು: ಒಮ್ಮೆ ಹಿಂದೆ, ಒಮ್ಮೆ ಸರಿ, ಮತ್ತೊಮ್ಮೆ ಮುಂದೆ. ಯಾವ ಕ್ರಮವೂ ಇಲ್ಲ. ಮೊಬೈಲಿನಲ್ಲಿ ತೆಗೆದ ವಿಡಿಯೋ ಅಂತ ಕಣ್ಣುಮುಚ್ಚಿ ಹೇಳಬಹುದು. ಮೀಡಿಯಾಇನ್ಫೋದಲ್ಲಿ ವೇರಿಯಬಲ್ ಅಂತ ಬರುತ್ತದೆ. ಬೆಳಕು ಕಡಿಮೆಯಾದಾಗ ಎಷ್ಟೋ ಫೋನುಗಳು ತಾವೇ ಫ್ರೇಮ್ ರೇಟ್ ಇಳಿಸಿಕೊಳ್ಳುತ್ತವೆ. ವೇಷ ರಂಗಸ್ಥಳದ ದೀಪದಲ್ಲಿ ಇರುವಾಗ 30, ಸಭಿಕರ ಕತ್ತಲೆಯ ಕಡೆ ಫೋನ್ ತಿರುಗಿಸಿದಾಗ 24. ವಿಎಲ್‌ಸಿ ಪ್ರತಿ ಫ್ರೇಮಿನ ಸಮಯದ ಗುರುತು ನೋಡಿ ಓಡಿಸುವುದರಿಂದ ಅಲ್ಲಿ ಸರಿಯಾಗಿಯೇ ಕಾಣುತ್ತದೆ. ಎಡಿಟಿಂಗ್ ಪ್ರೋಗ್ರಾಂ ಎಲ್ಲ ಫ್ರೇಮ್‌ಗೂ ಸಮ ಅಂತರ ಅಂತ ಲೆಕ್ಕ ಹಿಡಿದರೆ ಧ್ವನಿ ತಪ್ಪುತ್ತದೆ.

ಇದಕ್ಕೆ ಕನ್ವರ್ಟೇ ಮದ್ದು. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಕನ್ವರ್ಟರಿನಲ್ಲಿ ವಿಡಿಯೋ ಪುಟಕ್ಕೆ ಹೋಗಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಆರಿಸಿ, ಗುಣಮಟ್ಟದ ಅಂಕಿಯನ್ನು 16-18ರ ಆಸುಪಾಸು ಇಡಿ. ಅಂಕಿ ಸಣ್ಣದಾದಷ್ಟೂ ಗುಣಮಟ್ಟ ಹೆಚ್ಚು. ಫ್ರೇಮ್ ರೇಟನ್ನು ಫೋನಿನ ಸೆಟ್ಟಿಂಗ್‌ನಲ್ಲಿ ಇದ್ದಷ್ಟೇ ಇಡಿ, 30 ಇದ್ದರೆ 30. ಟೈಮ್‌ಲೈನ್ 25 ಅಂತ ಇಲ್ಲೇ 25ಕ್ಕೆ ಇಳಿಸಲು ಹೋಗಬೇಡಿ. ಸೆಕೆಂಡಿಗೆ ಐದು ಫ್ರೇಮ್ ಕಿತ್ತುಹಾಕಿದ ಆ ಜರ್ಕು ಫೈಲಿನಲ್ಲೇ ಉಳಿಯುತ್ತದೆ. ಕೆಡೆನ್‌ಲೈವ್ ಬಳಸುವವರಿಗೆ ಇನ್ನೂ ಸುಲಭ. ವೇರಿಯಬಲ್ ಫೈಲ್ ತಂದ ಕೂಡಲೇ ಅದೇ ಎಚ್ಚರಿಸಿ, ಎಡಿಟಿಂಗ್‌ಗೆ ಹೊಂದುವ ಫಾರ್ಮ್ಯಾಟಿಗೆ ಬದಲಿಸಲೇ ಅಂತ ಕೇಳುತ್ತದೆ. ಹೌದು ಅನ್ನಿ. ಮುಗಿದ ಮೇಲೆ ಹಳತು ಹೊಸತು ಎರಡರ ಅವಧಿಯನ್ನೂ ಮೀಡಿಯಾಇನ್ಫೋದಲ್ಲಿ ಹೋಲಿಸಿ. ಒಂದೆರಡು ಫ್ರೇಮಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಏನೋ ತಪ್ಪಿದೆ ಅಂತಲೇ ಅರ್ಥ.

ನಾಲ್ಕನೆಯದು ಹ್ಯಾಂಡಿಕ್ಯಾಮ್‌ನವರಿಗೆ. ಸೋನಿ ಮತ್ತು ಪ್ಯಾನಸೋನಿಕ್ 2006ರಲ್ಲಿ ಎವಿಸಿಎಚ್‌ಡಿ ಅಂತ ಒಂದು ಪದ್ಧತಿ ತಂದವು. ಅದರ ಫೈಲು ಎಂಟಿಎಸ್. ಕಾರ್ಡ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಬರೆಯಲು ಆಗುವುದಿಲ್ಲ. ಹಾಗಾಗಿ ಕ್ಯಾಮೆರಾ ಉದ್ದದ ರೆಕಾರ್ಡಿಂಗನ್ನು ತುಂಡು ಮಾಡುತ್ತಾ ಹೋಗುತ್ತದೆ. 24 ಮೆಗಾಬಿಟ್‌ನಲ್ಲಿ 4 ಜಿಬಿ ಅಂದರೆ 23-24 ನಿಮಿಷ. ತುಂಡು ಆಗುವುದು ಕ್ಯಾಮೆರಾಕ್ಕೆ ಬೇಕಾದಲ್ಲಿ. ಪದದ ನಡುವೆಯೇ ಆಗಬಹುದು. ಒಂದೊಂದು ತುಂಡನ್ನೂ ಬೇರೆ ಬೇರೆಯಾಗಿ ಕನ್ವರ್ಟ್ ಮಾಡಿ ಸಾಲಾಗಿ ಜೋಡಿಸಿದರೆ ಪ್ರತಿ ಸಂದಿಯಲ್ಲೂ ಸ್ವಲ್ಪ ಧ್ವನಿ ಹೋಗುತ್ತದೆ. ಕೇಳುವವನಿಗೆ ಮದ್ದಳೆಗಾರ ತಾಳ ತಪ್ಪಿದ ಹಾಗೆ ಅನಿಸುತ್ತದೆ, ಪಾಪ! ಪತ್ತೆ ಹಚ್ಚುವುದು ಸುಲಭ: ತೊಂದರೆ ಸಂದಿಯಲ್ಲಿ ಮಾತ್ರ ಇರುತ್ತದೆ, ಉಳಿದಲ್ಲಿ ಎಲ್ಲ ಸರಿ. ತುಂಡುಗಳನ್ನು ಮೊದಲು ಒಂದು ಮಾಡಿ, ಆಮೇಲೆ ಕನ್ವರ್ಟ್ ಮಾಡಬೇಕು. ಕ್ಯಾಮೆರಾದ ಜೊತೆ ಬರುವ ಪ್ರೋಗ್ರಾಂನಿಂದ ನಕಲು ಮಾಡಿಕೊಂಡರೆ ಅದೇ ಒಂದು ಮಾಡಿ ಕೊಡುತ್ತದೆ. ಕೆಲವು ಎಡಿಟಿಂಗ್ ಪ್ರೋಗ್ರಾಂಗಳೂ ಮಾಡುತ್ತವೆ, ಆದರೆ ಅದಕ್ಕೆ ಕಾರ್ಡಿನ ಇಡೀ ಫೋಲ್ಡರ್ ಹಾಗೇ ಇರಬೇಕು. ಎಂಟಿಎಸ್ ಫೈಲುಗಳನ್ನು ಮಾತ್ರ ಹೆಕ್ಕಿ ನಕಲು ಮಾಡುವುದು ಬೇಡ. ಅದೇ ಫೋಲ್ಡರಿನ ಉಳಿದ ಸಣ್ಣ ಸಣ್ಣ ಫೈಲುಗಳಲ್ಲಿ ಯಾವ ತುಂಡಿನ ನಂತರ ಯಾವುದು ಅನ್ನುವುದು ಬರೆದಿರುತ್ತದೆ.

ದಿಗಿಣ ಹಾಕುವಾಗ ಅಂಚಿನಲ್ಲಿ ಗೆರೆ

ವೇಷ ನಿಂತಿರುವಾಗ ಚಿತ್ರ ಚೆನ್ನಾಗಿದೆ. ಗಿರಕಿ ಹೊಡೆಯುವಾಗ, ದಿಗಿಣ ಹಾಕುವಾಗ ಕೈಕಾಲಿನ ಅಂಚೆಲ್ಲ ಬಾಚಣಿಗೆಯ ಹಲ್ಲಿನ ಹಾಗೆ ಸೀಳಿ ಕಾಣುತ್ತದೆ. ಇದು ಇಂಟರ್‌ಲೇಸ್ಡ್ ವಿಡಿಯೋ. ಒಂದು ಫ್ರೇಮಿನಲ್ಲಿ ಎರಡು ಕ್ಷಣದ ಅರ್ಧರ್ಧ ಚಿತ್ರ ಸೇರಿರುತ್ತದೆ, ಸೆಕೆಂಡಿಗೆ 50 ಅರ್ಧ ಚಿತ್ರ. ಫೈಲಿನಲ್ಲಿ ದೋಷವಿಲ್ಲ. ಅದನ್ನು ಡಿಇಂಟರ್‌ಲೇಸ್ ಮಾಡದೆ, ಅಂದರೆ ಅರ್ಧ ಚಿತ್ರಗಳನ್ನು ಪೂರ್ತಿ ಫ್ರೇಮ್ ಮಾಡದೆ, ಕನ್ವರ್ಟ್ ಮಾಡಿದರೆ, ಅದರಲ್ಲೂ ಅಳತೆ ಸಣ್ಣದು ಮಾಡಿದರೆ, ಆ ಹಲ್ಲುಗಳು ಚಿತ್ರದೊಳಗೆ ಬೆರೆತು ಹೋಗುತ್ತವೆ. ಆಮೇಲೆ ತೆಗೆಯಲು ಆಗುವುದಿಲ್ಲ. ಮೊದಲೇ ಹೇಳಿದ "ಶಾಶ್ವತವಾಗಿ ಕೂರುವ" ದೋಷ ಇಂಥದ್ದೇ.

ಡಿಇಂಟರ್‌ಲೇಸ್ ಮಾಡುವಾಗ 25 ಫ್ರೇಮ್‌ಗಲ್ಲ, 50 ಫ್ರೇಮ್‌ಗೆ ಮಾಡಿ. ಹ್ಯಾಂಡ್‌ಬ್ರೇಕ್‌ನಲ್ಲಿ ಬಾಬ್ ಅಂತ ಆಯ್ಕೆ ಇದೆ, ಜೊತೆಗೆ ಫ್ರೇಮ್ ರೇಟ್ 50 ಇಡಬೇಕು. ತೆಂಕುತಿಟ್ಟಿನ ಕುಣಿತದ ರಭಸ ಉಳಿಯುವುದು ಅದರಲ್ಲಿ. 25ಕ್ಕೆ ಮಾಡಿದರೆ ಅರ್ಧ ಚಲನೆ ಹೋಯಿತು. ಕನ್ವರ್ಟ್ ಆದ ಮೇಲೆ ಚಿತ್ರ ಹಿಂದೆ ಮುಂದೆ ನಡುಗಿದರೆ ಫೀಲ್ಡ್ ಆರ್ಡರ್ (ಎರಡು ಅರ್ಧ ಚಿತ್ರಗಳಲ್ಲಿ ಯಾವುದು ಮೊದಲು ಅನ್ನುವುದು) ತಲೆಕೆಳಗಾಗಿದೆ. ಎವಿಸಿಎಚ್‌ಡಿಗೆ ಮೇಲಿನ ಫೀಲ್ಡ್ ಮೊದಲು, ಹಳೇ ಡಿವಿ ಟೇಪಿಗೆ ಕೆಳಗಿನದು ಮೊದಲು.

ಅಡ್ಡಡ್ಡ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಹರಿಯುತ್ತಿದ್ದರೆ ಅದು ಇದಲ್ಲ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಶಟರ್ ಅದಕ್ಕೆ ಹೊಂದಿಲ್ಲ. ಯಾವ ಫಾರ್ಮ್ಯಾಟಿಗೆ ಬದಲಿಸಿದರೂ ಹೋಗುವುದಿಲ್ಲ. ಮುಂದಿನ ಆಟಕ್ಕೆ ಶಟರನ್ನು 1/50 ಅಥವಾ 1/100ಕ್ಕೆ ಇಡಿ.

ಬಣ್ಣ ಬದಲಾದರೆ

ಕನ್ವರ್ಟ್ ಆದ ಮೇಲೆ ರಂಗಸ್ಥಳದ ಹಿಂದಿನ ಕತ್ತಲೆ ಕಪ್ಪಾಗಿರದೆ ಬೂದಿ ಬಣ್ಣವಾದರೆ, ಇಲ್ಲವೇ ಬಣ್ಣದ ವೇಷದ ಮುಖದ ಗೆರೆಗಳೆಲ್ಲ ಕಪ್ಪಿನಲ್ಲಿ ಮುಳುಗಿಹೋದರೆ, ಕಪ್ಪಿನಿಂದ ಬಿಳಿಯವರೆಗಿನ ಮಟ್ಟಗಳನ್ನು ಬರೆಯುವ ಎರಡು ರೀತಿಗಳಾದ ಫುಲ್ ರೇಂಜ್ ಮತ್ತು ಲಿಮಿಟೆಡ್ ರೇಂಜ್ ಅದಲುಬದಲಾಗಿದೆ. ಬಣ್ಣ ತಿದ್ದಲು ಕೂರಬೇಡಿ. ಕ್ಲಿಪ್ಪಿನ ಗುಣಲಕ್ಷಣದಲ್ಲಿ ರೇಂಜ್ ಬದಲಿಸಿದರೆ ಸಾಕು. ಐಫೋನ್ 12 ಮತ್ತು ಅದರ ನಂತರದ ಫೋನುಗಳ ವಿಡಿಯೋ ಕಣ್ಣು ಕುಕ್ಕುವಷ್ಟು ಬಿಳಿಯಾಗಿ ಕಂಡರೆ ಅದು ಎಚ್‌ಡಿಆರ್‌ನಲ್ಲಿ ತೆಗೆದದ್ದು. ಕನ್ವರ್ಟ್ ಮಾಡುವಾಗ ರೆಕ್ 709ಕ್ಕೆ, ಅಂದರೆ ಸಾಮಾನ್ಯ ಎಚ್‌ಡಿ ವಿಡಿಯೋದ ಬಣ್ಣದ ಅಳತೆಗೆ, ಇಳಿಸಿ. ಮುಂದಕ್ಕೆ ಫೋನಿನಲ್ಲೇ ಎಚ್‌ಡಿಆರ್ ಆಫ್ ಮಾಡಿಬಿಡಿ.

ಚಿತ್ರ ಉಂಟು, ಧ್ವನಿ ಇಲ್ಲ

ಧ್ವನಿಯ ಕೋಡೆಕ್ ಆ ಪ್ರೋಗ್ರಾಂಗೆ ಹಿಡಿಸುತ್ತಿಲ್ಲ, ಅಷ್ಟೇ. ಎಂಟಿಎಸ್ ಫೈಲಿನ ಡಾಲ್ಬಿ ಧ್ವನಿಗೆ ಹೀಗಾಗುವುದುಂಟು. ಚಿತ್ರವನ್ನು ಮುಟ್ಟದೆ ಧ್ವನಿಯನ್ನು ಮಾತ್ರ ಪಿಸಿಎಂಗೆ (ಕುಗ್ಗಿಸದ ಧ್ವನಿಗೆ) ಬದಲಿಸಿ. ಶಟರ್ ಎನ್‌ಕೋಡರ್‌ನಲ್ಲಿ ರೀರ‍್ಯಾಪ್ ಅನ್ನುವುದು ಈ ಕೆಲಸಕ್ಕೇ ಇದೆ. ಗಂಟೆಗಟ್ಟಲೆ ಕಾಯಬೇಕಾಗಿಲ್ಲ, ಚಿತ್ರದ ಗುಣಮಟ್ಟ ಒಂದು ಚೂರೂ ಹೋಗುವುದಿಲ್ಲ.

ನಮ್ಮ ಕಡೆ ಶಾಲೆಯ ಲ್ಯಾಪ್‌ಟಾಪುಗಳು ಉಬುಂಟುವಿನಲ್ಲಿ ಓಡುತ್ತವೆ. ಮಕ್ಕಳು ಶಾಲೆಯ ಕ್ಯಾಮೆರಾದಲ್ಲಿ ತೆಗೆದ ವಿಡಿಯೋವನ್ನು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಗೆ ಹಾಕಿ ಏನೂ ಬರುವುದಿಲ್ಲ ಅಂತ ಹೇಳುತ್ತಾರೆ. ಲಿನಕ್ಸ್‌ನಲ್ಲಿ ಆ ಆವೃತ್ತಿ ಎಚ್.264 ಓದುವುದಿಲ್ಲ. ಡಿಎನ್‌ಎಕ್ಸ್‌ಎಚ್‌ಆರ್ ಚಿತ್ರ, ಪಿಸಿಎಂ ಧ್ವನಿ ಮಾಡಿಕೊಂಡರೆ ಓದುತ್ತದೆ. ನನ್ನನ್ನು ಕೇಳಿದರೆ, ಮಕ್ಕಳಿಗೆ ಕೆಡೆನ್‌ಲೈವ್ ಸಾಕು. ಅದು ಸುಮಾರಾಗಿ ಎಲ್ಲವನ್ನೂ ಹಾಗೇ ಓದುತ್ತದೆ.

ನಡುವೆ ಕರೆಂಟ್ ಹೋದರೆ

ಮಳೆಗಾಲದಲ್ಲಿ ರಾತ್ರಿ ಕನ್ವರ್ಟ್‌ಗೆ ಇಟ್ಟು ಮಲಗಿದರೆ ಬೆಳಗ್ಗೆ ಎದ್ದಾಗ ಕರೆಂಟ್ ಹೋಗಿ ಬಂದಿರುತ್ತದೆ. 40 ಜಿಬಿಯ ಫೈಲ್ ಕಣ್ಣೆದುರಿಗೇ ಇದೆ, ತೆರೆಯುವುದಿಲ್ಲ. ಎಂಪಿ4 ಮತ್ತು ಎಂಒವಿ ಡಬ್ಬಿಗಳು ತಮ್ಮ ಸೂಚಿಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತವೆ. ಅದು ಬರೆಯುವ ಮೊದಲೇ ನಿಂತರೆ ಒಳಗೆ ಇರುವುದು ಓದಲು ಬರುವುದಿಲ್ಲ. ಅದನ್ನು ರಿಪೇರಿ ಮಾಡುವ ಪ್ರೋಗ್ರಾಂ ಹುಡುಕುತ್ತಾ ಕೂರಬೇಡಿ. ಅಸಲಿ ಇದೆ ತಾನೆ? ಇನ್ನೊಮ್ಮೆ ಮಾಡಿ. ಯುಪಿಎಸ್ ಇಲ್ಲದವರು ಇಡೀ ಆಟವನ್ನು ಒಂದೇ ಫೈಲ್ ಮಾಡುವ ಬದಲು ಗಂಟೆಗೊಂದರಂತೆ ಮಾಡಲಿ. ಹೋದರೆ ಒಂದು ಮಾತ್ರ ಹೋಗುತ್ತದೆ. ಎಂಟಿಎಸ್ ತುಂಡುಗಳಾದರೆ ಒಂದು ಮಾಡಿದ ಮೇಲೆ ಪದವಿಲ್ಲದ ಜಾಗ ನೋಡಿ ಗಂಟೆಯ ಗಡಿ ಹಾಕಿಕೊಳ್ಳಿ.

ಹಳೇ ಮಿನಿಡಿವಿ ಕ್ಯಾಸೆಟ್ ಹಿಡಿದುಕೊಂಡು ಬರುವವರು ಈಗಲೂ ಇದ್ದಾರೆ. ಫೈರ್‌ವೈರ್ ತೂತಿರುವ ಹಳೇ ಕಂಪ್ಯೂಟರ್ ಸಿಕ್ಕಿದರೆ ಅದರಲ್ಲೇ ಇಳಿಸಿ. ಗಂಟೆಗೆ ಸುಮಾರು 13 ಜಿಬಿಯ ಡಿವಿ ಫೈಲ್ ಬರುತ್ತದೆ. ಅದರಲ್ಲಿ ಪ್ರತಿ ಫ್ರೇಮೂ ಪೂರ್ತಿ ಇರುವುದರಿಂದ ಎಡಿಟಿಂಗ್‌ಗೆ ಬೇರೆ ಯಾವ ಕನ್ವರ್ಟೂ ಬೇಡ. ಹಳದಿ, ಬಿಳಿ, ಕೆಂಪು ವಯರ್ ಚುಚ್ಚಿ ಯುಎಸ್‌ಬಿಗೆ ತೆಗೆಯುವ ಅಗ್ಗದ ಡಬ್ಬಿ ತಗೊಳ್ಳುವುದು ಕ್ಯಾಮೆರಾದ ಫೈರ್‌ವೈರ್ ಕೆಟ್ಟಿದ್ದರೆ ಮಾತ್ರ.